ಗ್ರಂಥಾಲಯ ವೃತ್ತಿಗೆ ಅರ್ಹತೆಯ ಅಡಿಪಾಯ ಹಾಕಿದ ಡಾ. ಎಸ್. ಆರ್. ರಂಗನಾಥನ್

ಪೀಠಿಕೆ

ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಭಾಗದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಉದ್ಯೋಗ ಬಯಸುವ ಅಭ್ಯರ್ಥಿಗಳು ನೇಮಕಾತಿ ಅಧಿಸೂಚನೆಯನ್ನು ಓದುವಾಗ, ಸಾಮಾನ್ಯ ವಿದ್ಯಾರ್ಹತೆಯ ಜೊತೆಗೆ ಗ್ರಂಥಾಲಯ ವಿಜ್ಞಾನದ ತರಬೇತಿಯನ್ನೂ ಕೇಳಿರುವುದನ್ನು ಕಾಣುತ್ತಾರೆ. ಪುಸ್ತಕವನ್ನು ಕೊಡುವುದಕ್ಕೂ ಹಿಂಪಡೆಯುವುದಕ್ಕೂ ಪ್ರತ್ಯೇಕ ಶಿಕ್ಷಣ ಏಕೆ ಬೇಕು ಎಂಬ ಸಂದೇಹ ಹಲವರಿಗೆ ಉಂಟಾಗುವುದು ಸಹಜ. ಈ ಸಂದೇಹಕ್ಕೆ ಉತ್ತರವು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಗೌರವಿಸಲ್ಪಡುವ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜೀವನದಲ್ಲಿ ದೊರೆಯುತ್ತದೆ. ಗ್ರಂಥಪಾಲಕನಿಗೆ ವೃತ್ತಿ ಶಿಕ್ಷಣ ಅಗತ್ಯವೆಂದು ದೇಶಕ್ಕೆ ಮನವರಿಕೆ ಮಾಡಿಕೊಟ್ಟ ಇವರು, ತಾವು ಮೊದಲ ಬಾರಿಗೆ ಗ್ರಂಥಪಾಲಕರಾಗಿ ನೇಮಕಗೊಂಡಾಗ ಆ ಶಿಕ್ಷಣದ ಒಂದು ಪಾಠವನ್ನೂ ಪಡೆದಿರಲಿಲ್ಲ. ಅಭ್ಯರ್ಥಿಗಳ ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸೇವೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಲ್ಲಿ ಇಂದಿನ ತಮಿಳುನಾಡಿಗೆ ಸೇರಿದ, ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ ಜನಿಸಿದರು. ಅವರು ಹುಟ್ಟಿದ್ದು 9ನೆಯ ತಾರೀಖಿನಂದಾದರೂ ಅಧಿಕೃತ ದಾಖಲೆಗಳಲ್ಲಿ 12 ಎಂದು ನಮೂದಾಯಿತು. ದಾಖಲೆಯ ದಿನವೇ ನಿಂತಿತು. ದೇಶದಾದ್ಯಂತ ರಾಷ್ಟ್ರೀಯ ಗ್ರಂಥಪಾಲಕರ ದಿನವನ್ನು ಆಗಸ್ಟ್ 12ರಂದೇ ಆಚರಿಸಲಾಗುತ್ತಿದೆ. ತಂದೆ ರಾಮಾಮೃತ ಅಯ್ಯರ್ ಅವರು ರಂಗನಾಥನ್ ಆರು ವರ್ಷದ ಬಾಲಕನಾಗಿದ್ದಾಗಲೇ ತೀರಿಕೊಂಡರು. ತಾಯಿ ಸೀತಾಲಕ್ಷ್ಮಿ ಹಾಗೂ ಬಂಧುಗಳ ಆಶ್ರಯದಲ್ಲಿ ಬಾಲ್ಯ ಕಳೆಯಿತು. ಬಾಲಕನಿಗೆ ಉಗ್ಗು ಮಾತಿನ ತೊಂದರೆಯೂ ಇತ್ತು. ಸತತ ಪ್ರಯತ್ನದಿಂದ ಅದನ್ನು ಹತೋಟಿಗೆ ತಂದುಕೊಂಡು, ಮುಂದೆ ತರಗತಿಯಲ್ಲಿ ಪಾಠ ಹೇಳುವುದನ್ನೇ ಅವರು ವೃತ್ತಿಯನ್ನಾಗಿ ಆರಿಸಿಕೊಂಡರು.

ಶಿಯಾಳಿಯ ಹಿಂದೂ ಪ್ರೌಢಶಾಲೆಯಲ್ಲಿ ಶಿಕ್ಷಣ ಮುಗಿಸಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದ ಅವರು 1913ರಲ್ಲಿ ಬಿ.ಎ. ಪದವಿಯನ್ನೂ 1916ರಲ್ಲಿ ಗಣಿತಶಾಸ್ತ್ರದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅಲ್ಲಿನ ಗಣಿತ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರ ಪ್ರಭಾವ ಜೀವನಪರ್ಯಂತ ಉಳಿಯಿತು. ನಂತರ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಅಧ್ಯಾಪನ ತರಬೇತಿಯನ್ನೂ ಪೂರೈಸಿದರು.

ಮಂಗಳೂರಿನಲ್ಲಿ ಅಧ್ಯಾಪಕ ವೃತ್ತಿ

ರಂಗನಾಥನ್ ಅವರಿಗೂ ಕನ್ನಡ ನಾಡಿಗೂ ಇದ್ದ ಸಂಬಂಧ ಅವರ ವೃತ್ತಿಜೀವನದ ಮೊದಲ ದಿನಗಳಿಂದಲೇ ಆರಂಭವಾಗುತ್ತದೆ. 1917ರಲ್ಲಿ ಅವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇವೆಗೆ ಸೇರಿದರು. ಮಂಗಳೂರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1920ರವರೆಗೆ ಅಲ್ಲಿ ಸೇವೆ ಸಲ್ಲಿಸಿ, ಬಳಿಕ ಕೊಯಮತ್ತೂರಿನಲ್ಲಿಯೂ 1921ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತ ಬೋಧಿಸಿದರು. ವಿದ್ಯಾರ್ಥಿಗಳು ಕೇವಲ ಕೇಳಿಸಿಕೊಳ್ಳದೆ ತಾವೇ ಓದಿ, ಹುಡುಕಿ ಕಲಿಯಬೇಕೆಂಬುದು ಅವರ ಬೋಧನಾ ಕ್ರಮವಾಗಿತ್ತು. ಈ ಕ್ರಮಕ್ಕೆ ಒಳ್ಳೆಯ ಗ್ರಂಥಾಲಯ ಬೇಕೆಂಬ ಅರಿವು ಅವರಿಗೆ ಅಧ್ಯಾಪಕರಾಗಿದ್ದಾಗಲೇ ಮೂಡಿತ್ತು. ಆದರೆ ಅಂತಹ ಗ್ರಂಥಾಲಯವನ್ನು ತಾವೇ ಕಟ್ಟಬೇಕಾಗುತ್ತದೆಂಬ ಕಲ್ಪನೆ ಇರಲಿಲ್ಲ.

ತರಬೇತಿಯಿಲ್ಲದೆ ದೊರೆತ ಹುದ್ದೆ

ಮದರಾಸು ವಿಶ್ವವಿದ್ಯಾಲಯವು 1923ರಲ್ಲಿ ಗ್ರಂಥಪಾಲಕರ ಹುದ್ದೆಯೊಂದನ್ನು ಸೃಷ್ಟಿಸಿ ಅರ್ಜಿಗಳನ್ನು ಆಹ್ವಾನಿಸಿತು. ಸುಮಾರು 900 ಅರ್ಜಿಗಳು ಬಂದವು. ಗ್ರಂಥಾಲಯ ಕಾರ್ಯದಲ್ಲಿ ಶಿಕ್ಷಣ ಪಡೆದವರು ಅವರಲ್ಲಿ ಯಾರೂ ಇರಲಿಲ್ಲ. ಆಗಿನ ಕಾಲಕ್ಕೆ ಅಂತಹ ಶಿಕ್ಷಣ ದೇಶದಲ್ಲಿ ಅಪರೂಪವಾಗಿತ್ತು. ರಂಗನಾಥನ್ ಅವರು ಸಂದರ್ಶನಕ್ಕೆ ಮುನ್ನ ವಿಶ್ವಕೋಶವೊಂದರಲ್ಲಿ ಗ್ರಂಥಾಲಯಗಳ ಬಗ್ಗೆ ಇದ್ದ ಲೇಖನವನ್ನು ಓದಿಕೊಂಡು ಹೋದರು. ಈ ವಿಷಯದಲ್ಲಿ ಅವರ ಸಿದ್ಧತೆ ಅಷ್ಟೇ ಆಗಿತ್ತು. ಗಣಿತದಲ್ಲಿ ನಡೆಸಿದ್ದ ಸಂಶೋಧನೆಯ ಅನುಭವವನ್ನು ಪರಿಗಣಿಸಿ ಅವರನ್ನು ಆಯ್ಕೆ ಮಾಡಲಾಯಿತು. 1924ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡರು.

ಹುದ್ದೆ ಅವರಿಗೆ ಹಿಡಿಸಲಿಲ್ಲ. ವಿದ್ಯಾರ್ಥಿಗಳ ನಡುವೆ ಇದ್ದು ಬಂದವರಿಗೆ ಓದುಗರಿಲ್ಲದ ಕೊಠಡಿ, ಮುಟ್ಟುವವರಿಲ್ಲದ ಪುಸ್ತಕಗಳು, ಮಾಡಲು ಕೆಲಸವಿಲ್ಲದ ದಿನಗಳು ಸಹಿಸಲಸಾಧ್ಯವಾದವು. ಕೆಲವೇ ದಿನಗಳಲ್ಲಿ ಅವರು ಹಳೆಯ ಕಾಲೇಜಿಗೆ ಹೋಗಿ, ತಮ್ಮನ್ನು ಅಧ್ಯಾಪಕ ವೃತ್ತಿಗೆ ಮರಳಿ ತೆಗೆದುಕೊಳ್ಳುವಂತೆ ಕೇಳಿಕೊಂಡರು. ನೇಮಕಾತಿಯ ಷರತ್ತಿನಂತೆ ಅವರು ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆಯಬೇಕಿತ್ತು. ತರಬೇತಿ ಮುಗಿಸಿ ಬಂದ ಮೇಲೂ ಈ ಕೆಲಸ ಬೇಸರವೆನಿಸಿದರೆ ಅಧ್ಯಾಪಕ ವೃತ್ತಿಗೆ ಹಿಂದಿರುಗಬಹುದೆಂಬ ಭರವಸೆ ಪಡೆದು ಅವರು ಪ್ರಯಾಣ ಹೊರಟರು.

ಇಂಗ್ಲೆಂಡಿನ ತರಬೇತಿ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಾಲಯ ಶಾಲೆಯಲ್ಲಿ ಅವರು ವ್ಯಾಸಂಗ ಮಾಡಿದರು. ಅಲ್ಲಿ ವರ್ಗೀಕರಣವನ್ನು ಬೋಧಿಸುತ್ತಿದ್ದ ಬರ್ವಿಕ್ ಸೇಯರ್ಸ್ ಅವರು ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರಾಗಿದ್ದರು. ಅವರ ಸಲಹೆಯಂತೆ ರಂಗನಾಥನ್ ಅನೇಕ ಗ್ರಂಥಾಲಯಗಳನ್ನು ಖುದ್ದಾಗಿ ನೋಡಿ ಬಂದರು. ಮಕ್ಕಳು, ಕಾರ್ಮಿಕರು, ಗೃಹಿಣಿಯರು ಯಾವ ಸಂಕೋಚವೂ ಇಲ್ಲದೆ ಒಳಬಂದು ಪುಸ್ತಕಗಳನ್ನು ತಾವೇ ಆರಿಸಿಕೊಳ್ಳುವುದನ್ನು ಅಲ್ಲಿ ಕಂಡರು. ಮದರಾಸಿನಲ್ಲಿ ತಮಗೆ ಬೇಸರ ತರಿಸಿದ್ದು ಗ್ರಂಥಾಲಯವಲ್ಲ, ಓದುಗರಿಲ್ಲದ ಗ್ರಂಥಾಲಯ ಎಂಬುದು ಅವರಿಗೆ ಸ್ಪಷ್ಟವಾಯಿತು. ಓದುಗರು ಬಾರದಿರುವುದು ಓದುಗರ ದೋಷವಲ್ಲ, ಅವರನ್ನು ಬರಮಾಡಿಕೊಳ್ಳುವ ವಿದ್ಯೆ ತಿಳಿದ ಸಿಬ್ಬಂದಿ ಇಲ್ಲದಿರುವುದೇ ದೋಷ ಎಂಬ ನಿಲುವಿಗೆ ಅವರು ಬಂದರು.

1925ರಲ್ಲಿ ಹಿಂದಿರುಗಿದ ನಂತರ ಅವರು ಅಧ್ಯಾಪಕ ಹುದ್ದೆಯನ್ನು ಮರಳಿ ಕೇಳಲಿಲ್ಲ. ಮುಂದಿನ ಎರಡು ದಶಕ ಮದರಾಸು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಯೇ ಸೇವೆ ಸಲ್ಲಿಸಿದರು. ಬೀಗ ಹಾಕಿದ ಬೀರುಗಳ ಬದಲಿಗೆ ಓದುಗರಿಗೆ ಮುಕ್ತ ಪ್ರವೇಶವಿರುವ ಕಪಾಟುಗಳ ವ್ಯವಸ್ಥೆ ಜಾರಿಗೆ ಬಂದಿತು. ಗ್ರಂಥಾಲಯದ ಸಮಯವನ್ನು ವಿಸ್ತರಿಸಲಾಯಿತು. ಓದುಗನ ಬಳಿಗೆ ಹೋಗಿ ಅಗತ್ಯವನ್ನು ವಿಚಾರಿಸಿ ಪುಸ್ತಕ ಒದಗಿಸುವ ಪರಾಮರ್ಶನ ಸೇವೆ ಆರಂಭವಾಯಿತು.

ಐದು ಸೂತ್ರಗಳು

ಗಣಿತದ ವಿದ್ಯಾರ್ಥಿಯಾಗಿದ್ದ ರಂಗನಾಥನ್ ಅವರಿಗೆ, ಗ್ರಂಥಾಲಯದ ನೂರಾರು ನಿಯಮಗಳ ಹಿಂದೆ ಕೆಲವೇ ಮೂಲ ತತ್ವಗಳು ಇರಬೇಕೆಂದು ತೋರಿತು. ಈ ಕುರಿತು ತಮ್ಮ ಗುರು ರಾಸ್ ಅವರೊಡನೆ ಚರ್ಚಿಸಿದಾಗ ಮೊದಲ ಸೂತ್ರದ ಹೊಳಹು ದೊರೆಯಿತು. 1928ರಲ್ಲಿ ಸೂತ್ರಗಳು ರೂಪುಗೊಂಡವು. 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಗ್ರಂಥಗಳನ್ನು ಕಾಪಿಡುವುದಕ್ಕಿಂತ ಬಳಸುವುದು ಮುಖ್ಯವೆಂಬುದು ಮೊದಲನೆಯದರ ಸಾರ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುವು ಎರಡನೆಯ ಮತ್ತು ಮೂರನೆಯವು. ಓದುಗನ ಸಮಯ ವ್ಯರ್ಥವಾಗಬಾರದೆಂಬುದು ನಾಲ್ಕನೆಯದು. ಗ್ರಂಥಾಲಯವು ಜೀವಿಯಂತೆ ಸದಾ ಬೆಳೆಯುತ್ತಿರುತ್ತದೆ ಎಂಬುದು ಐದನೆಯದು. ಸೂತ್ರಗಳು ರೂಪುಗೊಂಡ ಅದೇ 1928ರಲ್ಲಿ ಅವರ ಪತ್ನಿ ರುಕ್ಮಿಣಿಯವರು ಅಪಘಾತವೊಂದರಲ್ಲಿ ಮರಣ ಹೊಂದಿದರು. ಈ ದುಃಖದ ನಡುವೆಯೂ ಅವರು ಕೈಗೊಂಡ ಕಾರ್ಯ ನಿಲ್ಲಲಿಲ್ಲ. ಮರುವರ್ಷ ಅವರು ಶಾರದಾ ಅವರನ್ನು ವಿವಾಹವಾದರು.

ಐದು ಸೂತ್ರಗಳು ಓದಲು ಸರಳ, ನಡೆಸಲು ಕಠಿಣ. ಬೇಲೂರು ತಾಲ್ಲೂಕಿನ ಒಂದು ನಿದರ್ಶನದಿಂದ ಇದು ತಿಳಿಯುತ್ತದೆ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ಪ್ರಸಿದ್ಧವಾದ, ಐದನೆಯ ಶತಮಾನದ್ದೆಂದು ಗುರುತಿಸಲಾದ ಹಲ್ಮಿಡಿ ಶಾಸನವು ಈ ತಾಲ್ಲೂಕಿನಲ್ಲಿಯೇ ದೊರೆತದ್ದು. ವಿದ್ಯಾರ್ಥಿಯೊಬ್ಬ ಬೇಲೂರಿನ ಗ್ರಂಥಾಲಯಕ್ಕೆ ಬಂದು ಆ ಶಾಸನದ ಪಾಠ ಬೇಕೆಂದು ಕೇಳಿದರೆ, ಹಾಸನ ಜಿಲ್ಲೆಯ ಶಾಸನಗಳೆಂಬ ಹೆಸರು ನೋಡಿ ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟವನ್ನು ಕೈಗಿಡುವುದು ಸುಲಭ. ಆದರೆ ಅದರಲ್ಲಿ ಈ ಶಾಸನ ಸಿಗುವುದಿಲ್ಲ. ಇದನ್ನು ವಿದ್ವತ್ ಲೋಕದ ಗಮನಕ್ಕೆ ತಂದದ್ದು ಡಾ. ಎಂ. ಎಚ್. ಕೃಷ್ಣ ಅವರು, ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯ ಮೂಲಕ. ಇದನ್ನು ತಿಳಿದ ಗ್ರಂಥಪಾಲಕ ಐದು ನಿಮಿಷದಲ್ಲಿ ದಾರಿ ತೋರಿಸುತ್ತಾನೆ. ತಿಳಿಯದವನು ಪುಸ್ತಕವಿಲ್ಲವೆಂದು ಹೇಳಿ ಕಳುಹಿಸುತ್ತಾನೆ. ಒಮ್ಮೆ ಹಾಗೆ ಹಿಂದಿರುಗಿದ ಓದುಗ ಮತ್ತೊಮ್ಮೆ ಬರುವ ಭರವಸೆಯಿಲ್ಲ.

ಕೋಲನ್ ವರ್ಗೀಕರಣ

ಪುಸ್ತಕಗಳನ್ನು ವಿಷಯಾನುಸಾರ ಜೋಡಿಸಲು ಆಗ ಪ್ರಚಲಿತವಿದ್ದ ಪದ್ಧತಿಗಳಲ್ಲಿ ಪ್ರತಿಯೊಂದು ವಿಷಯಕ್ಕೂ ಮೊದಲೇ ನಿಗದಿಪಡಿಸಿದ ಒಂದು ಸ್ಥಾನವಿರುತ್ತಿತ್ತು. ಹೊಸ ವಿಷಯಗಳು ಹುಟ್ಟಿದಾಗ ಅವುಗಳಿಗೆ ಸ್ಥಳ ಸಿಗುತ್ತಿರಲಿಲ್ಲ. ಲಂಡನ್ನಿನ ಅಂಗಡಿಯೊಂದರಲ್ಲಿ, ಒಂದೇ ಬಗೆಯ ಬಿಡಿ ಪಟ್ಟಿ ಹಾಗೂ ತಿರುಪುಗಳಿಂದ ಬೇರೆ ಬೇರೆ ಆಟಿಕೆಗಳನ್ನು ಕಟ್ಟುವ ಮೆಕ್ಯಾನೋ ಪೆಟ್ಟಿಗೆಯನ್ನು ಕಂಡಾಗ ರಂಗನಾಥನ್ ಅವರಿಗೆ ಪರಿಹಾರ ಹೊಳೆಯಿತು. ವಿಷಯವನ್ನು ಬಿಡಿ ಅಂಶಗಳಾಗಿ ಬಿಡಿಸಿ, ಬೇಕಾದಂತೆ ಜೋಡಿಸುವ ಪದ್ಧತಿಯನ್ನು ರೂಪಿಸಿ 1933ರಲ್ಲಿ ಪ್ರಕಟಿಸಿದರು. ಅಂಶಗಳನ್ನು ಜೋಡಿಸಲು ಕೋಲನ್ ಚಿಹ್ನೆಯನ್ನು ಬಳಸಿದ್ದರಿಂದ ಅದಕ್ಕೆ ಕೋಲನ್ ವರ್ಗೀಕರಣ ಎಂಬ ಹೆಸರು ಬಂದಿತು. 1934ರಲ್ಲಿ ಗ್ರಂಥಸೂಚಿ ತಯಾರಿಕೆಯ ನಿಯಮಾವಳಿಯೂ ಹೊರಬಂದಿತು.

ಹನ್ನೆರಡನೆಯ ಶತಮಾನದಲ್ಲಿ ಹಳೇಬೀಡಿನಲ್ಲಿ ನಿರ್ಮಾಣವಾದ ದೇವಾಲಯದ ಬಳಪದ ಕಲ್ಲಿನ ಶಿಲ್ಪಗಳ ಸಂರಕ್ಷಣೆ ಎಂಬ ವಿಷಯದ ಪುಸ್ತಕವೊಂದು ಬಂದಿತೆಂದು ಭಾವಿಸೋಣ. ದೇವಾಲಯದ ಶಿಲ್ಪ ಅದರ ಮೂಲವಸ್ತು, ಬಳಪದ ಕಲ್ಲು ದ್ರವ್ಯ, ಸಂರಕ್ಷಣೆ ಕ್ರಿಯೆ, ಹಳೇಬೀಡು ದೇಶ, ಹನ್ನೆರಡನೆಯ ಶತಮಾನ ಕಾಲ. ರಂಗನಾಥನ್ ಅವರ ಕ್ರಮದಲ್ಲಿ ಯಾವುದೇ ವಿಷಯವನ್ನು ಈ ಐದು ಮುಖಗಳಿಂದ ಪರಿಶೀಲಿಸಲಾಗುತ್ತದೆ. ಇಂದು ಗ್ರಂಥಾಲಯಗಳು ಬೇರೆ ವರ್ಗೀಕರಣ ಪದ್ಧತಿಗಳನ್ನು ಅನುಸರಿಸಿದರೂ, ಒಂದು ಪುಸ್ತಕ ನಿಜವಾಗಿ ಯಾವುದರ ಬಗ್ಗೆ ಇದೆ ಎಂದು ಬಿಡಿಸಿ ನೋಡುವ ಈ ಅಭ್ಯಾಸವು ಗ್ರಂಥಾಲಯ ವಿಜ್ಞಾನದ ಶಿಕ್ಷಣದಲ್ಲಿ ಮುಖ್ಯ ಭಾಗವಾಗಿ ಉಳಿದಿದೆ.

ಗ್ರಂಥಪಾಲಕರಿಗೆ ಶಿಕ್ಷಣ

ತಾವು ಪಡೆದ ತರಬೇತಿ ಇತರರಿಗೂ ಸಿಗಬೇಕು, ಅದಕ್ಕಾಗಿ ಯಾರೂ ಸಮುದ್ರ ದಾಟುವಂತಾಗಬಾರದು ಎಂಬ ಉದ್ದೇಶದಿಂದ ರಂಗನಾಥನ್ ಅವರು ಕಾರ್ಯನಿರತರಾದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. 1929ರಲ್ಲಿ ಸಂಘದ ವತಿಯಿಂದ ಬೇಸಿಗೆ ತರಬೇತಿ ಶಾಲೆ ಆರಂಭವಾಯಿತು. ಮುಂದೆ ಅದನ್ನು ವಿಶ್ವವಿದ್ಯಾಲಯವು ವಹಿಸಿಕೊಂಡಿತು. 1937ರ ವೇಳೆಗೆ ಪೂರ್ಣ ಪ್ರಮಾಣದ ಡಿಪ್ಲೊಮಾ ವ್ಯಾಸಂಗವಾಯಿತು. ಗ್ರಂಥಾಲಯಕ್ಕೆ ಬರಲಾಗದ ಗ್ರಾಮಸ್ಥರ ಬಳಿಗೆ ಗ್ರಂಥಾಲಯವೇ ಹೋಗಬೇಕೆಂಬ ವಿಚಾರವೂ ಈ ಅವಧಿಯಲ್ಲಿ ಕಾರ್ಯರೂಪಕ್ಕೆ ಬಂದಿತು. 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯ ಮೂಲಕ ಪುಸ್ತಕಗಳು ತಲುಪಿದವು.

1945ರಲ್ಲಿ ಮದರಾಸಿನ ಸೇವೆಯಿಂದ ನಿವೃತ್ತಿ ಪಡೆದ ಅವರು, ಡಾ. ಎಸ್. ರಾಧಾಕೃಷ್ಣನ್ ಅವರು ಕುಲಪತಿಗಳಾಗಿದ್ದ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ಕುಳಿತು ವರ್ಗೀಕರಿಸಿದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು. ಕೆಳಗಿನವರಿಗೆ ಒಪ್ಪಿಸಬಹುದಾದ ಕೆಲಸವೆಂದು ಅವರು ಅದನ್ನು ಭಾವಿಸಲಿಲ್ಲ. 1947ರಿಂದ ದೆಹಲಿ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಹಾಗೂ ಸಂಶೋಧನಾ ಪದವಿಗಳ ವ್ಯಾಸಂಗಕ್ಕೆ ನೆಲೆ ಒದಗಿಸಿದರು. ವಿಶ್ವವಿದ್ಯಾಲಯ ಅನುದಾನ ಆಯೋಗವು 1957ರಲ್ಲಿ ನೇಮಿಸಿದ ಗ್ರಂಥಾಲಯ ಸಮಿತಿಯ ಅಧ್ಯಕ್ಷರಾಗಿ, ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗ್ರಂಥಪಾಲಕರಿಗೆ ಅಧ್ಯಾಪಕರಿಗೆ ಸಮನಾದ ಸ್ಥಾನಮಾನ ಹಾಗೂ ವೇತನ ನೀಡಬೇಕೆಂಬ ಶಿಫಾರಸಿಗೆ ಕಾರಣರಾದರು. ಅರ್ಹತೆಯನ್ನು ಕೇಳುವ ಸಂಸ್ಥೆಯು ಆ ಅರ್ಹತೆಗೆ ತಕ್ಕ ಗೌರವವನ್ನೂ ಕೊಡಬೇಕೆಂಬುದು ಅವರ ವಾದದ ತಿರುಳಾಗಿತ್ತು. ಅದೇ 1957ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಕರ್ನಾಟಕದಲ್ಲಿ ಕೊನೆಯ ವರ್ಷಗಳು

ರಂಗನಾಥನ್ ಅವರು ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. 1965ರಲ್ಲಿ ಭಾರತ ಸರ್ಕಾರವು ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು.

ಗ್ರಂಥಾಲಯವು ದಾನಿಗಳ ಔದಾರ್ಯದ ಮೇಲೆ ನಿಲ್ಲದೆ ಕಾನೂನಿನ ಬಲದ ಮೇಲೆ ನಿಲ್ಲಬೇಕೆಂಬುದು ಅವರ ಬಹುಕಾಲದ ಪ್ರತಿಪಾದನೆಯಾಗಿತ್ತು. ಇದರ ಫಲವಾಗಿ 1948ರಲ್ಲಿ ಮದರಾಸು ಪ್ರಾಂತ್ಯವು ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವನ್ನು ಅಂಗೀಕರಿಸಿತ್ತು. ಅಂದಿನ ಮೈಸೂರು ರಾಜ್ಯದಲ್ಲಿಯೂ ಇವರ ವಿಚಾರಗಳ ಆಧಾರದ ಮೇಲೆ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ರೂಪುಗೊಂಡು, 1966ರ ನವೆಂಬರ್ 1ರಂದು ಜಾರಿಗೆ ಬಂದಿತು. ಸಾರ್ವಜನಿಕ ಗ್ರಂಥಾಲಯಗಳಿಗಾಗಿಯೇ ಪ್ರತ್ಯೇಕ ಇಲಾಖೆ, ರಾಜ್ಯ ಕೇಂದ್ರ ಗ್ರಂಥಾಲಯ, ನಗರ ಹಾಗೂ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳು, ಸ್ಥಳೀಯ ತೆರಿಗೆಗಳೊಂದಿಗೆ ವಸೂಲಾಗುವ ಗ್ರಂಥಾಲಯ ಕರ, ಇವೆಲ್ಲವೂ ಈ ಅಧಿನಿಯಮದಿಂದ ಬಂದವು. ಅರಸೀಕೆರೆಯ ನಿವಾಸಿಯೊಬ್ಬರು ಮನೆ ಕಂದಾಯ ಕಟ್ಟುವಾಗ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಅವರು ಗ್ರಂಥಾಲಯದ ಬಾಗಿಲಿಗೆ ಬಂದಾಗ ಕೇಳುವುದು ಉಪಕಾರವನ್ನಲ್ಲ, ತಾವು ಬೆಲೆ ತೆತ್ತ ಸೇವೆಯನ್ನು. ಆ ಸೇವೆಯನ್ನು ಬಲ್ಲವರೇ ನೀಡಬೇಕೆಂಬ ಕಾರಣಕ್ಕಾಗಿ ಅರ್ಹತೆಯನ್ನು ನಿಗದಿಪಡಿಸಲಾಗುತ್ತದೆ.

ರಂಗನಾಥನ್ ಅವರು ತಾವು ಗಳಿಸಿದ್ದನ್ನು ವೃತ್ತಿಗೇ ಹಿಂದಿರುಗಿಸಿದರು. 1956ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಒಂದು ಲಕ್ಷ ರೂಪಾಯಿ ನೀಡಿದರು. 1961ರಲ್ಲಿ ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ದತ್ತಿಯನ್ನು ಸ್ಥಾಪಿಸಿದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು.

ಇಂದಿನ ಅಭ್ಯರ್ಥಿಗಳ ಗಮನಕ್ಕೆ

ರಂಗನಾಥನ್ ಅವರ ಕಾಲದಲ್ಲಿ ಲಂಡನ್ನಿಗೆ ಹೋಗಿ ಪಡೆಯಬೇಕಾಗಿದ್ದ ಶಿಕ್ಷಣವು ಇಂದು ರಾಜ್ಯದೊಳಗೇ ಲಭ್ಯವಿದೆ. ಗ್ರಂಥಾಲಯ ವಿಜ್ಞಾನದಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ, ಪದವಿ ಹಾಗೂ ಸ್ನಾತಕೋತ್ತರ ಪದವಿ ಎಂಬ ಹಂತಗಳಿವೆ. ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರು ಹಾಗೂ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗಕ್ಕೆ ಅವಕಾಶವಿದೆ. ಊರು ಬಿಟ್ಟು ಹೋಗಲಾಗದವರು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ದೂರಶಿಕ್ಷಣದಲ್ಲಿ ಓದಬಹುದು. ರೈಲ್ವೆ ಜಂಕ್ಷನ್ ಆಗಿರುವ ಅರಸೀಕೆರೆಯಿಂದ ಬೆಂಗಳೂರು ಹಾಗೂ ಮೈಸೂರು ಎರಡೂ ಕಡೆಗೆ ನೇರ ರೈಲು ಮಾರ್ಗವಿರುವುದು ಈ ಭಾಗದ ವಿದ್ಯಾರ್ಥಿಗಳಿಗೆ ಅನುಕೂಲಕರವಾಗಿದೆ.

ಹುದ್ದೆಯ ಶ್ರೇಣಿಗೆ ಅನುಗುಣವಾಗಿ ಬೇಕಾದ ವಿದ್ಯಾರ್ಹತೆ ಬೇರೆ ಬೇರೆಯಾಗಿರುತ್ತದೆ. ಆದ್ದರಿಂದ ಅಭ್ಯರ್ಥಿಗಳು ಆಯಾ ಅಧಿಸೂಚನೆಯಲ್ಲಿನ ವಿದ್ಯಾರ್ಹತೆ, ವಯೋಮಿತಿ ಹಾಗೂ ಮೀಸಲಾತಿಯ ವಿವರಗಳನ್ನು ಪೂರ್ಣವಾಗಿ ಓದಿಕೊಳ್ಳತಕ್ಕದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಆಡಳಿತವನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಗಿದೆ. ಬೇಲೂರು, ಹಳೇಬೀಡು ಸುತ್ತಲಿನ ಗ್ರಾಮಗಳ ಹುದ್ದೆಗಳಿಗೆ ಅರ್ಜಿ ಸಲ್ಲಿಸುವವರು ಹುದ್ದೆಯು ಯಾವ ಇಲಾಖೆಗೆ ಸೇರಿದೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ. ಅರ್ಜಿಯಲ್ಲಿ ನಮೂದಿಸುವ ಹೆಸರು ಮತ್ತು ಜನ್ಮ ದಿನಾಂಕವು ಶಾಲಾ ದಾಖಲೆಗೆ ಅನುಗುಣವಾಗಿರಬೇಕು.

ಪ್ರಮಾಣಪತ್ರದಲ್ಲಿ ಕಾಣದ ಕೆಲವು ಕೌಶಲ್ಯಗಳೂ ಈ ವೃತ್ತಿಗೆ ಅಗತ್ಯ. ಕನ್ನಡದಲ್ಲಿ ಶುದ್ಧವಾಗಿ ಬರೆಯುವ, ಇಂಗ್ಲಿಷ್ ಪುಸ್ತಕದ ವಿಷಯವನ್ನು ಗ್ರಹಿಸುವ ಸಾಮರ್ಥ್ಯವಿರಬೇಕು. ಕಂಪ್ಯೂಟರ್ ಬಳಕೆ ತಿಳಿದಿರಬೇಕು. 2020ರಲ್ಲಿ ಆರಂಭವಾದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಂತಹ ಸೇವೆಗಳನ್ನು ಮೊಬೈಲ್ ಹಿಡಿದು ಬಂದ ಓದುಗನಿಗೆ ತೋರಿಸಿಕೊಡುವಂತಿರಬೇಕು. ಮಕ್ಕಳೊಡನೆ ಸಹನೆಯಿಂದ, ಹಿರಿಯರೊಡನೆ ಗೌರವದಿಂದ ಮಾತನಾಡುವುದು ತಿಳಿದಿರಬೇಕು. ಊರಿನ ಇತಿಹಾಸದ ಅರಿವೂ ಬೇಕು. ಬೇಲೂರು ಮತ್ತು ಹಳೇಬೀಡಿನ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಅವುಗಳ ಬಗ್ಗೆ ತಿಳಿಯಲು ಬರುವವರಿಗೆ ಸರಿಯಾದ ಪುಸ್ತಕ ತೋರಿಸುವ ಹೊಣೆ ಇಲ್ಲಿನ ಗ್ರಂಥಪಾಲಕರ ಮೇಲೆ ಹೆಚ್ಚಾಗಿದೆ.

ರಂಗನಾಥನ್ ಅವರಿಗೆ ಹುದ್ದೆ ಮೊದಲು ದೊರೆಯಿತು, ಅರ್ಹತೆ ನಂತರ ಬಂದಿತು. ಇಂದು ಆ ಕ್ರಮ ಬದಲಾಗಿದೆ. ಅರ್ಹತೆಯನ್ನು ಪಡೆದ ಮೇಲೆಯೇ ಅರ್ಜಿ ಸಲ್ಲಿಸಬೇಕಾಗಿದೆ. ಆದರೆ ಹುದ್ದೆ ದೊರೆತ ಮೇಲೆ ಕಲಿಯುವುದನ್ನು ಅವರು ನಿಲ್ಲಿಸಲಿಲ್ಲ ಎಂಬುದನ್ನೂ ಅಭ್ಯರ್ಥಿಗಳು ಗಮನದಲ್ಲಿಡುವುದು ಒಳ್ಳೆಯದು. ಪರೀಕ್ಷೆಗೆ ಸಿದ್ಧರಾಗುವ ವಿದ್ಯಾರ್ಥಿ, ತೆಂಗಿನ ರೋಗಕ್ಕೆ ಪರಿಹಾರ ಹುಡುಕುವ ರೈತ, ಪತ್ರಿಕೆ ಓದಲು ಬರುವ ವೃದ್ಧ, ಮೊದಲ ಬಾರಿಗೆ ಕಥೆಪುಸ್ತಕ ಹಿಡಿಯುವ ಮಗು, ಇವರಲ್ಲಿ ಯಾರೂ ಬರಿಗೈಯಲ್ಲಿ ಹಿಂದಿರುಗದಂತೆ ನೋಡಿಕೊಳ್ಳುವುದೇ ಗ್ರಂಥಾಲಯ ಹುದ್ದೆಯ ಕರ್ತವ್ಯವಾಗಿದೆ.